ಏಳನೇ ಅಪಾಯ

ಹೊಂಗೆಕೊಪ್ಪಲಿಗೆ ಸಮುದ್ರದಿಂದ ಅಪಾಯವಿದೆ ಎಂದು ಪುಸ್ತಕದಲ್ಲಿ ಬರೆದಿತ್ತು.

ಹಸಿರು ರಟ್ಟಿನ ಪುಸ್ತಕ. ಮೇಲೆ ಬಂಗಾರದ ಬಣ್ಣದ ಅಕ್ಷರ. ಶ್ರೀ ಹೊಂಗಮ್ಮದೇವಿ ಪತ್ತಿನ ಸಹಕಾರ ಸಂಘ, ಹೊಂಗೆಕೊಪ್ಪಲು, ಕೃಷ್ಣರಾಜಪೇಟೆ ತಾಲ್ಲೂಕು. ಐದು ವರ್ಷಗಳ ಮುನ್ನೋಟ ಯೋಜನೆ ಮತ್ತು ಅಪಾಯ ನಿರ್ವಹಣೆ. ಒಳಗೆ ಹದಿನಾಲ್ಕನೇ ಪುಟದಲ್ಲಿ ಮೂರನೇ ಅಪಾಯ: 'ಹೊಂಗೆಕೊಪ್ಪಲು ಕಡಲತೀರದಲ್ಲಿ ಸಮುದ್ರ ಕೊರೆತ.' ಹೊಂಗೆಕೊಪ್ಪಲಿನಿಂದ ಸಮುದ್ರಕ್ಕೆ ಹೆಚ್ಚುಕಡಿಮೆ ಇನ್ನೂರೈವತ್ತು ಕಿಲೋಮೀಟರು. ನಡುವೆ ಇಡೀ ಹಾಸನ ಜಿಲ್ಲೆ ಬಿದ್ದುಕೊಂಡಿದೆ. ಅದರಾಚೆ ಘಟ್ಟ. ಸಮುದ್ರ ಅಷ್ಟನ್ನೂ ಹತ್ತಿ, ಇಳಿದು, ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಾಯಿಸಿ ಬಂದರೆ ಮಾತ್ರ ಸಂಘದ ಜಗಲಿ ಕೊರೆಯಬಹುದು.

ಆದದ್ದು ಇಷ್ಟು. 'ಮಾದರಿ ಸಂಘ' ಎಂಬ ಫಲಕ ಬೇಕಾದರೆ ಮುಂದಾಲೋಚನೆಯ ಪುಸ್ತಕವೊಂದು ಇರಲೇಬೇಕೆಂದು ಮೇಲಿನ ಕಚೇರಿಯಿಂದ ಸುತ್ತೋಲೆ ಬಂತು. ಬೆಂಕಿ ಬಿದ್ದರೆ ಏನು, ಕಂಪ್ಯೂಟರು ಕೆಟ್ಟರೆ ಏನು, ಯಾವ ಅಪಾಯಕ್ಕೆ ಯಾವ ನಿರ್ದೇಶಕ ಹೊಣೆ, ಯಾವುದು ಇನ್ನೂ ಕೆಂಪು, ಯಾವುದು ನೋಡಿ ಮುಗಿದು ಹಸಿರು, ಎಲ್ಲ ಬರೆದಿಡಬೇಕು. ಕಾರ್ಯದರ್ಶಿ ನಾಗೇಂದ್ರನಿಗೆ ಬರೆಯುವ ಪುರುಸೊತ್ತಿರಲಿಲ್ಲ. ಅವನ ಭಾವಮೈದ ಕರಾವಳಿಯ ಒಂದು ಮೀನುಗಾರರ ಸಂಘದಲ್ಲಿ ಗುಮಾಸ್ತ. ಅಲ್ಲಿಯ ಪುಸ್ತಕ ವಾಟ್ಸಾಪಿನಲ್ಲಿ ಬಂತು. ಆ ಊರಿನ ಹೆಸರು ಇದ್ದ ಕಡೆಯೆಲ್ಲ ಹೊಂಗೆಕೊಪ್ಪಲು ಎಂದು ಬರುವ ಹಾಗೆ ನಾಗೇಂದ್ರ ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದ. ಐದು ವರ್ಷದ ಮುನ್ನೋಟ ಅಲ್ಲಿಗೆ ಮುಗಿಯಿತು.

ಆಡಳಿತ ಮಂಡಳಿ ಅದನ್ನು ಒಪ್ಪಿದ ದಿನ ದೊಡ್ಡತಾಯಮ್ಮ ಬಾಗಿಲಾಚೆ ನಿಂತಿದ್ದಳು. ಹತ್ತೊಂಬತ್ತು ವರ್ಷದಿಂದ ಅವಳು ನಿಲ್ಲುವ ಜಾಗ ಅದು. ಸಂಘದ ಕಸ ಗುಡಿಸುವವಳು, ಪಾಯಿಖಾನೆ ತೊಳೆಯುವವಳು, ನೀರು ಹೊರುವವಳು. ಗುಡಿಸುವಾಗ ಒಳಗೆ ಹೋಗಬಹುದು. ಗೌಡರು ಕುರ್ಚಿಯಲ್ಲಿ ಕೂತ ಮೇಲೆ ಹೋಗಬಾರದು. ಹಾಗಂತ ಯಾರೂ ಎಲ್ಲೂ ಬರೆದಿರಲಿಲ್ಲ. ಬರೆಯುವ ಅಗತ್ಯ ಬಿದ್ದಿರಲಿಲ್ಲ.

ಕುಡಿಯುವ ನೀರಿನ ವಿಷಯದಲ್ಲಿ ಮಾತ್ರ ಸಂಘ ತುಸು ಮುಂದುವರಿದಿತ್ತು. ಮೊದಲು ಮಡಕೆ ಇದ್ದಾಗ ಅವಳು ಅದರ ಹತ್ತಿರ ಸುಳಿಯುವಂತಿರಲಿಲ್ಲ. ಈಗ ಇಪ್ಪತ್ತು ಲೀಟರಿನ ಕ್ಯಾನು. ಆಟೋದವನು ಕೂಡುರಸ್ತೆಯಲ್ಲಿ ಇಳಿಸಿ ಹೋಗುತ್ತಾನೆ. ಅವಳು ಹೆಗಲ ಮೇಲೆ ಹೊತ್ತು ತರುತ್ತಾಳೆ, ದಿನಕ್ಕೆ ಮೂರು. ಮುಚ್ಚಳಕ್ಕೆ ಸೀಲು ಇರುತ್ತದೆ. ಸೀಲು ಇರುವ ತನಕ ಮೈಲಿಗೆ ಇಲ್ಲ. ಸೀಲು ಒಡೆಯುವವನು ನಾಗೇಂದ್ರ. ಒಡೆದ ಮರುಗಳಿಗೆಯಿಂದ ಅವಳು ಹೊತ್ತು ತಂದ ನೀರನ್ನು ಅವಳು ಮುಟ್ಟಬಾರದು. ಬಾಯಾರಿದರೆ ಹಿತ್ತಿಲ ಗೋಡೆಯ ಮೊಳೆಗೆ ನೇತುಹಾಕಿದ ನೀಲಿ ಪ್ಲಾಸ್ಟಿಕ್ ಲೋಟ ಹಿಡಿದು ನಿಲ್ಲಬೇಕು. ನಾಗೇಂದ್ರ ಮೇಲಿನಿಂದ ಹೊಯ್ಯುತ್ತಾನೆ. ಅವನ ಕೈ ಚೆನ್ನಾಗಿ ಪಳಗಿತ್ತು. ಒಂದು ಹನಿ ಚೆಲ್ಲುತ್ತಿರಲಿಲ್ಲ.

ಆವತ್ತಿನ ಸಭೆ ಬೋಂಡ ಬರುವ ಮುಂಚೆ ಶುರುವಾಯಿತು, ಬೋಂಡ ತಣ್ಣಗಾಗುವ ಮುಂಚೆ ಮುಗಿಯಿತು. ನಿರ್ದೇಶಕ ಪುಟ್ಟರಾಜು ಒಬ್ಬನೇ ಪುಸ್ತಕ ತೆರೆದು ನೋಡಿದವನು.

"ಲೇ ನಾಗೇಂದ್ರ, ಸಮುದ್ರ ಅಂತ ಬರ್ದಿದ್ದೀಯಲ್ಲ. ಎಲ್ಲದ್ಲಾ ಸಮುದ್ರ?"

"ಮುನ್ನೋಟ ಕಣಣ್ಣ. ಐದೊರ್ಸ ಮುಂದುಕ್ಕೆ ನೋಡ್ಬೇಕು. ಬಂದ್ರೆ ಏನ್ಮಾಡೀಯೆ?"

ಪುಟ್ಟರಾಜು ಯೋಚಿಸಿದ. ಬಂದರೆ ಏನು ಮಾಡುವುದೆಂದು ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. "ಅದ್ನ ನಂಗೇ ಕೊಡು. ಖರ್ಚುವೆಚ್ಚ ಅದೋ ಇಲ್ವೋ?"

"ಓಗಿ ಬರೋ ಗಾಡಿ ಬಾಡಿಗೆ ಸಂಘದ್ದು."

ಸಮುದ್ರ ಪುಟ್ಟರಾಜುವಿಗೆ ಹೋಯಿತು. ದೋಣಿ ಮುಳುಗಡೆ ಚೌಡಯ್ಯನಿಗೆ. ಬಿರುಗಾಳಿ, ಮೀನಿನ ಕ್ಷಾಮ ಉಳಿದವರಿಗೆ. ಏಳನೆಯದರಲ್ಲಿ ಮೀನುಗಾರರು ಒಂದು ಗೆರೆ ಖಾಲಿ ಬಿಟ್ಟಿದ್ದರು. 'ಸ್ಥಳೀಯ ಅಪಾಯ: ಇಲ್ಲಿ ಬರೆಯಿರಿ. ಹೊಣೆ: ಅಧ್ಯಕ್ಷರು.'

ಅಧ್ಯಕ್ಷ ಹೊನ್ನಪ್ಪ ಬೋಂಡ ಮುರಿಯುತ್ತ ಹೇಳಿದ, "ಅದುಕ್ಕೇನು ಯೋಚ್ನೆ. ಕಾಲೋನಿ ಅಂತ ಬರ್ಕೊ. ಅವ್ರುಗೆ ಸಾಲ ಕೊಟ್ರೆ ವಾಪಸ್ ಬತ್ತದಾ? ಕೆಂಪು ಬಣ್ಣ ಆಕು."

ಕಾಲೋನಿ ಎಂದರೆ ಕೇರಿ. ಸಂಘದ ಹಿತ್ತಿಲ ಕಿಟಕಿಯಿಂದ ಕಾಣುತ್ತದೆ. ಅಲ್ಲಿಯ ಒಬ್ಬರಿಗೂ ಸಂಘ ಈವರೆಗೆ ಒಂದು ಪೈಸೆ ಸಾಲ ಕೊಟ್ಟಿರಲಿಲ್ಲ. ಕೊಡದ ಸಾಲ ವಾಪಸು ಬರುವುದಿಲ್ಲ ಎಂಬುದೇ ಅಪಾಯ. ಏಳು ಅಪಾಯಗಳಲ್ಲಿ ಊರಿನವರು ಸ್ವಂತ ತಲೆಯಿಂದ ಬರೆದದ್ದು ಅದೊಂದೇ.

ದೊಡ್ಡತಾಯಮ್ಮ ಬಾಗಿಲಾಚೆ ನಿಂತು ಕೇಳಿದಳು. ಅವಳು ಅಲ್ಲಿದ್ದಾಳೆಂದು ಎಲ್ಲರಿಗೂ ಗೊತ್ತಿತ್ತು. ಯಾರೂ ದನಿ ತಗ್ಗಿಸಲಿಲ್ಲ.

ಅವಳಿಗೆ ಬೇರೆ ಒಂದು ಸಂಕಟವಿತ್ತು. ಮೂರು ವರ್ಷದ ಹಿಂದೆ ಕೇರಿಯ ಮೂವತ್ತೆರಡು ಹೆಂಗಸರು ಸಂಘದ ಸದಸ್ಯರಾಗಲು ಅರ್ಜಿ ಕೊಟ್ಟಿದ್ದರು. ಸದಸ್ಯರಾದರೆ ಷೇರು, ಓಟು, ಸಭೆಯಲ್ಲಿ ಕುರ್ಚಿ. ಹಸು ಕಟ್ಟಲೋ ಹೊಲಿಗೆ ಯಂತ್ರ ಕೊಳ್ಳಲೋ ಬಡ್ಡಿಯವನ ಬಾಗಿಲಿಗೆ ಹೋಗುವುದು ತಪ್ಪುತ್ತದೆ. ಮೊದಲ ಅರ್ಜಿ ದೊಡ್ಡತಾಯಮ್ಮನದು. ಕೆ.ಆರ್. ಪೇಟೆಯ ಸ್ಟುಡಿಯೋಕ್ಕೆ ಹೋಗಿ, ತಂಗಿಯ ಸೀರೆ ಉಟ್ಟು ಫೋಟೋ ತೆಗೆಸಿದ್ದಳು. ಆ ಮೂವತ್ತೆರಡೂ ಅರ್ಜಿ ಎಲ್ಲಿದ್ದವು ಎಂಬುದು ಅವಳಿಗೆ ದಿನಾ ಕಾಣುತ್ತಿತ್ತು. ನಾಗೇಂದ್ರನ ಮೇಜಿನ ಒಂದು ಕಾಲು ಮೋಟು. ಅರ್ಜಿಗಳನ್ನು ನಾಲ್ಕು ಮಡಿಕೆ ಮಾಡಿ ಅದರ ಕೆಳಗೆ ಕೊಟ್ಟಿದ್ದ. ಮೇಜು ಅಲುಗುತ್ತಿರಲಿಲ್ಲ. ಎಲ್ಲಕ್ಕೂ ಮೇಲೆ ಅವಳ ಅರ್ಜಿ. ಮೇಜಿನ ಕಾಲು ಅವಳ ಫೋಟೋದ ಹಣೆಯ ಮೇಲೆ ಕೂತಿತ್ತು. ಅವಳು ಬಗ್ಗಿ ಅದರ ಸುತ್ತ ಗುಡಿಸುತ್ತಿದ್ದಳು. ತನ್ನ ಮುಖದ ಮೇಲಿನ ದೂಳನ್ನು ತಾನೇ ಒರೆಸುತ್ತಿದ್ದಳು.

"ನಮ್ಮರ್ಜಿ ಏನಾಯ್ತು ನಾಗೇಂದ್ರಪ್ಪ?" ಎಂದು ತಿಂಗಳಿಗೊಮ್ಮೆ ಕೇಳುವಳು.

"ಪರಿಶೀಲ್ನೆ ನಡೀತಾ ಅದೆ ದೊಡ್ಡಿ," ಎಂದು ಅವನು ಅದೇ ಮೇಜಿನ ಮೇಲೆ ಮೊಣಕೈ ಊರಿ ಹೇಳುವನು.

ಹಸಿರು ಪುಸ್ತಕದ, ಮುದ್ರಣದಲ್ಲಿ ಕೆಟ್ಟ ಒಂದು ಪ್ರತಿ ಕಸದ ಬುಟ್ಟಿಗೆ ಬಂತು. ಒಲೆಗೆ ಆದೀತೆಂದು ದೊಡ್ಡತಾಯಮ್ಮ ಮನೆಗೆ ತಂದಳು. ಒಲೆ ಹಚ್ಚುವ ಮುಂಚೆ ಅಂಗನವಾಡಿ ಟೀಚರು ಮಂಗಳಮ್ಮನಿಗೆ ತೋರಿಸಿದಳು. ಮಂಗಳಮ್ಮ ಕೇರಿಯವಳೇ, ಅಕ್ಷರ ಕಂಡರೆ ಬಿಡದವಳು. ದೊಡ್ಡತಾಯಮ್ಮನಿಗೆ ಸಹಿ ಹಾಕುವುದನ್ನು, ಅಷ್ಟಿಷ್ಟು ಅಕ್ಷರ ಬರೆಯುವುದನ್ನು ಕಲಿಸಿದ್ದೂ ಅವಳೇ. ಸಂಜೆ ಅಂಗನವಾಡಿ ಜಗಲಿಯಲ್ಲಿ ಕೂತು ಜೋರಾಗಿ ಓದಿದಳು. ಹೆಂಗಸರು ಅವರೆಕಾಯಿ ಬಿಡಿಸುತ್ತ ಕೇಳಿದರು. ಗೋಡೆಗೊರಗಿ ಮುದುಕ ದೇವಯ್ಯ ಕೂತಿದ್ದ.

"ಒಂದು, ಬೆಂಕಿ. ಎರಡು, ಕಂಪ್ಯೂಟರ್ ಕೆಡೋದು. ಮೂರು, ಸಮುದ್ರ. ನಾಲ್ಕು, ದೋಣಿ ಮುಳುಗೋದು. ಐದು, ಬಿರುಗಾಳಿ. ಆರು, ಮೀನು ಸಿಗದೆ ಇರೋದು. ಏಳು, ಕಾಲೋನಿಯವರು."

"ಏಳ್ನೇದು ನಾವಾ?" ಎಂದು ಒಬ್ಬಳು ಕೇಳಿದಳು.

"ನಾವೇ ಕಣೇ."

ದೇವಯ್ಯ ಬೀಡಿ ಆರಿಸಿದ. "ಬೆಂಕಿ, ಬಿರುಗಾಳಿ, ಸಮುದ್ರ, ನಾವು. ನಮ್ಮಪ್ಪನ ಕಾಲ್ದಲ್ಲಿ ನಮ್ಮುನ್ನ ಜೀತದಾಳು ಲೆಕ್ಕ ಇಡ್ತಿದ್ರು. ಈಗ ಸಮುದ್ರದ ಪಕ್ಕ ಕೂರ್ಸವ್ರೆ. ಮೇಲುಕ್ಕೆ ಬಂದಿದ್ದೀವಿ ಕಣ್ರವ್ವ."

ಎಲ್ಲರೂ ನಕ್ಕರು. ದೊಡ್ಡತಾಯಮ್ಮ ನಗಲಿಲ್ಲ. ಅವಳ ಹೆಗಲ ಮೇಲೆ ಕ್ಯಾನು ಕೂತು ಕೂತು ಕಪ್ಪಗೆ ಜಡ್ಡುಗಟ್ಟಿದ ಚರ್ಮವಿತ್ತು. ಅದು ಉರಿಯಿತು. "ಇಪ್ಪತ್ ಲೀಟ್ರು ಒರುವಾಗ ನಾನು ಅಪಾಯ ಅಲ್ಲ. ಅರ್ಜಿ ಕೊಟ್ರೆ ಅಪಾಯ. ಓದು ಮಂಗಳ, ಇನ್ನೇನ್ ಬರ್ದವ್ರೆ?"

ಮಂಗಳಮ್ಮ ಪುಟ ತಿರುಗಿಸಿದಳು. ಓದುತ್ತ ಓದುತ್ತ ಅವಳ ದನಿ ನಿಧಾನವಾಯಿತು.

"'ಹೊಣೆಗಾರ ನಿರ್ದೇಶಕರು ಅಪಾಯದ ಸ್ಥಳಕ್ಕೆ ತಿಂಗಳಿಗೊಮ್ಮೆ ಖುದ್ದಾಗಿ ಹೋಗತಕ್ಕದ್ದು. ಅಲ್ಲಿಯ ಒಂದು ಮನೆಯೊಳಗೆ ಒಂದು ಗಂಟೆ ಕಾಲ ಕುಳಿತು ಕಷ್ಟಸುಖ ಕೇಳತಕ್ಕದ್ದು. ಮನೆಯ ಹಿರಿಯರ ಸಹಿ ಪಡೆಯತಕ್ಕದ್ದು. ಅಲ್ಲಿಯವರೆಗೆ ಆ ಅಪಾಯ ಕೆಂಪಾಗಿಯೇ ಇರತಕ್ಕದ್ದು.' ಕೊನೇ ಕಲಮ್ಮು, 'ಸ್ಥಳದಲ್ಲಿ ಕಂಡ ಹೊಸ ಅಪಾಯ ಮತ್ತು ಅದರ ಹೊಣೆಗಾರರು', ಇದ್ನ ಮನೆಯವರೇ ತುಂಬ್ಬೇಕಂತೆ."

ಮೀನುಗಾರರು ಒಳ್ಳೆಯವರಿದ್ದಿರಬೇಕು. ಅಲೆ ಹೊಡೆವ ಮನೆಗಳಲ್ಲಿ ಕೂತು ಕೇಳದೆ ಅಪಾಯ ಗೊತ್ತಾಗುವುದಿಲ್ಲ ಎಂದು ತಿಳಿದವರು. ಆಮೇಲೆ ಬಂದ ಒಂದೇ ವಾಕ್ಯ ನಾಗೇಂದ್ರನ ಸ್ವಂತದ್ದು: 'ಕೆಂಪು ಜಾಗದ ಸದಸ್ಯತ್ವ ಅರ್ಜಿಗಳನ್ನು ಹಸಿರಾಗುವವರೆಗೆ ಮುಟ್ಟತಕ್ಕದ್ದಲ್ಲ.'

"ಒಳೀಕ್ ಕೂರ್ಬೇಕಾ?" ಎಂದಳು ದೊಡ್ಡತಾಯಮ್ಮ.

"ಮನೆಯೊಳಗೆ ಅಂತ್ಲೇ ಅಚ್ಚಾಕವ್ರೆ."

"ಹೊನ್ನಪ್ಪ ಗೌಡ? ನಮ್ಮನೆ ಒಳೀಕೆ? ಒಂದ್ ಗಂಟೆ?"

ಅವರೆಕಾಯಿ ಬಿಡಿಸುವ ಕೈಗಳೆಲ್ಲ ನಿಂತವು. ಅಂಥ ದೊಡ್ಡ ಅಪಾಯವನ್ನು ಪುಸ್ತಕದಲ್ಲಿ ಯಾರೂ ಬರೆದಿರಲಿಲ್ಲ.

ತಿಂಗಳು ತುಂಬುವುದರೊಳಗೆ ಪುಟ್ಟರಾಜು ಸಮುದ್ರ ನೋಡಿ ಬಂದ. ಹೆಂಡತಿ, ಅತ್ತೆ, ನಾದಿನಿ ಸಮೇತ ಗಾಡಿ ಮಾಡಿಕೊಂಡು ಹೋಗಿದ್ದ. ಪಂಚೆ ಮೊಣಕಾಲಿಗೆ ಎತ್ತಿ ಕಟ್ಟಿ ನೀರಿನಲ್ಲಿ ನಿಂತ ಫೋಟೋಗಳನ್ನು ದೊಡ್ಡದಾಗಿ ತೊಳೆಸಿ ತಂದ. ದಡದಲ್ಲಿ ಸಿಕ್ಕ, ಮೀನು ಮಾರುವ ಮೀನಮ್ಮನ ಮನೆಯಲ್ಲಿ ಗಂಟೆಗಟ್ಟಲೆ ಕೂತು, ಊಟ ಹೊಡೆದು, ಸಹಿ ಹಾಕಿಸಿಕೊಂಡಿದ್ದ. 'ಸಮುದ್ರವು ಸದ್ಯಕ್ಕೆ ಅಲ್ಲೇ ಇದೆ' ಎಂದು ವರದಿ ಬರೆದ. ಮೂರನೇ ಅಪಾಯ ಹಸಿರಾಯಿತು. ಚೌಡಯ್ಯ ಅಣೆಕಟ್ಟಿನ ಹಿನ್ನೀರಿನಲ್ಲಿ ತೆಪ್ಪ ಹತ್ತಿ ಬಂದ. 'ಮುಳುಗಲಿಲ್ಲ' ಎಂದು ಬರೆದ. ಅದೂ ಹಸಿರಾಯಿತು.

ಸಂಘದ ಬಾಗಿಲಿನಿಂದ ದೊಡ್ಡತಾಯಮ್ಮನ ಮನೆಗೆ ಇನ್ನೂರ ಹನ್ನೆರಡು ಹೆಜ್ಜೆ. ಭಾರ ಹೊರುವವರಿಗೆ ಹೆಜ್ಜೆ ಎಣಿಸುವ ಚಾಳಿ ಇರುತ್ತದೆ. ಆ ದಾರಿಯ ನಡುವೆ ಒಂದು ಮೋರಿ. ಮೋರಿಯ ಈಚೆ ಊರು, ಆಚೆ ಕೇರಿ.

ಹೊನ್ನಪ್ಪ ಮೊದಲ ಸಲ ಸ್ಕೂಟರಿನಲ್ಲಿ ಬಂದ. ಮೋರಿಯ ಈಚೆ ನಿಲ್ಲಿಸಿದ. ಇಂಜಿನ್ನು ಆರಿಸಲಿಲ್ಲ. ಹಾರನ್ನು ಹೊಡೆದ.

"ಲೇ ದೊಡ್ಡಿ. ಬಾ ಇಲ್ಲಿ. ಒಂದು ರುಜು ಆಕ್ಬುಡು."

"ಒಳೀಕ್ ಬನ್ನಿ ಗೌಡ್ರೆ."

"ಒತ್ತಾಯ್ತದೆ. ಕಷ್ಟಸುಖ ಕೇಳ್ಬೇಕಂತೆ. ಚೆನ್ನಾಗಿದ್ದೀಯ?"

"ಒಂದು ಗಂಟೆ ಕೇಳ್ಬೇಕಂತೆ."

ಹೊನ್ನಪ್ಪ ಗಡಿಯಾರ ನೋಡಿಕೊಂಡ. ಸ್ಕೂಟರು ತಿರುಗಿತು.

ಎರಡನೇ ಸಲ ಕುರ್ಚಿ ತಂದ. ತಂದದ್ದು ಅವನಲ್ಲ, ದೊಡ್ಡತಾಯಮ್ಮನೇ. ಸಂಘದ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಅವಳು ಮುಂದೆ, ಛತ್ರಿ ಹಿಡಿದು ಅವನು ಹಿಂದೆ. ಮೋರಿಯ ಚಪ್ಪಡಿ ಬಂದದ್ದೇ "ಇಕ್ಕು ಇಲ್ಲೇ" ಎಂದ. ಎರಡು ಕಾಲು ಊರಿನಲ್ಲಿ, ಎರಡು ಕಾಲು ಕೇರಿಯಲ್ಲಿ. ಕೂತ. ಕೆಳಗೆ ಊರಿನ ಕೊಚ್ಚೆ ಹರಿಯುತ್ತಿತ್ತು. ಮೂಗಿಗೆ ಹೆಗಲ ಮೇಲಿನ ವಲ್ಲಿ ಒತ್ತಿಕೊಂಡ.

ದೇವಯ್ಯ ಬಂದು ಎದುರಿಗೆ ಕುಕ್ಕರುಗಾಲಲ್ಲಿ ಕೂತ. "ಏನ್ ಗೌಡ್ರೆ, ಮೀನು ಇಡಿಯಕ್ಕೆ ಬಂದ್ರಾ?"

"ಲೇ ದೇವಯ್ಯ, ಅರ್ಧ ಒಳೀಕ್ ಬಂದಿದ್ದೀನಿ ಕಣ್ಲಾ. ಅರ್ಧ ಗಂಟೆ ಕುಂತ್ಕತೀನಿ. ಲೆಕ್ಕ ಸರಿಯಾಯ್ತದೆ."

"ಅಂಗಾದ್ರೆ ಅರ್ಧ ಸಹಿ ಆಕ್ಸ್ಕಳಿ."

ದೊಡ್ಡತಾಯಮ್ಮ ಸಹಿ ಹಾಕಲಿಲ್ಲ. ಕುರ್ಚಿ ವಾಪಸು ಹೊರಬೇಕಾದವಳೂ ಅವಳೇ. ಹೊತ್ತಳು. ಕತ್ತು ನೋಯುತ್ತಿತ್ತು. ಈ ಕುರ್ಚಿ ನನ್ನ ತಲೆಯ ಮೇಲೆ ಕೂರಬಹುದು, ನಾನು ಮಾತ್ರ ಇದರ ಮೇಲೆ ಕೂರಬಾರದು ಎಂದುಕೊಂಡಳು. ಐವತ್ತನೆಯ ಹೆಜ್ಜೆಯಲ್ಲಿ ಕೆಳಗಿಳಿಸಿದಳು. ಬೀದಿಯ ಮಧ್ಯೆ ಅದರ ಮೇಲೆ ಕೂತಳು. ಸೆರಗಿನಿಂದ ಗಾಳಿ ಬೀಸಿಕೊಂಡಳು. ಎದ್ದು, ಮತ್ತೆ ಹೊತ್ತು ನಡೆದಳು. ಮುಂದೆ ಛತ್ರಿಯ ನೆರಳಲ್ಲಿ ಹೋಗುತ್ತಿದ್ದ ಹೊನ್ನಪ್ಪನಿಗೆ ಅದು ಕಾಣಲಿಲ್ಲ.

ಪರಿಶೀಲನೆಯ ದಿನ ಬಂತು. ಮೇಲಿನ ಕಚೇರಿಯಿಂದ ಅಪರ್ಣ ಎಂಬ ಅಧಿಕಾರಿ ಬಂದರು. ನಾಗೇಂದ್ರನ ಮೇಜಿಗೆ ಹೊಸ ಬಟ್ಟೆ ಹಾಸಿತ್ತು. ಮೇಲೆ ಹಸಿರು ಪುಸ್ತಕ, ಪುಟ್ಟರಾಜುವಿನ ಸಮುದ್ರದ ಫೋಟೋಗಳು, ಚಹಾದ ಫ್ಲಾಸ್ಕು. ಅಪರ್ಣ ಒಂದೊಂದೇ ಅಪಾಯಕ್ಕೆ ಟಿಕ್ ಹಾಕುತ್ತ ಬಂದರು. ಸಮುದ್ರಕ್ಕೂ ಹಾಕಿದರು. ಅವರಿಗೆ ಬೇಕಾದದ್ದು ಸಹಿ. ಸಮುದ್ರ ಎಲ್ಲಿದ್ದರೆ ಅವರಿಗೇನು.

ಏಳಕ್ಕೆ ಪೆನ್ನು ನಿಂತಿತು. "ಇಲ್ಲಿ ಮನೆಯವರ ಸಹಿ ಇಲ್ವಲ್ಲ."

"ಅವ್ಳು ಇಲ್ಲೇ ಅವ್ಳೆ ಮೇಡಂ, ಒಂದು ನಿಮಿಷ," ಎಂದು ನಾಗೇಂದ್ರ ಶಾಯಿಯ ಡಬ್ಬಿ ಹಿಡಿದು ಬಾಗಿಲಿಗೆ ಓಡಿದ. "ದೊಡ್ಡಿ, ಎಬ್ಬೆಟ್ಟು ಒತ್ತು."

ದೊಡ್ಡತಾಯಮ್ಮ ಆಗತಾನೇ ಜಗಲಿ ಗುಡಿಸುತ್ತಿದ್ದಳು. ಕೈಯಲ್ಲಿ ಪರಕೆ ಇತ್ತು. "ನಂಗೆ ಸಹಿ ಬತ್ತದೆ ನಾಗೇಂದ್ರಪ್ಪ."

"ಸಹಿನೇ ಆಕು."

"ಆಕಲ್ಲ."

"ಯಾಕೆ?"

"ಅವ್ರು ಬಂದಿಲ್ಲ."

ಒಳಗಿಂದ ಹೊನ್ನಪ್ಪನ ದನಿ ಬಂತು. "ಲೇ ದೊಡ್ಡಿ, ಕೆಲ್ಸ ಬೇಕೋ ಬ್ಯಾಡ್ವೋ?"

ಅವಳಿಗೆ ಕೆಲಸ ಬೇಕು. ಅದರಲ್ಲಿ ಬರುವ ಅಕ್ಕಿ ಬೇಳೆ ಬೇಕು. ಒಂದು ಗಳಿಗೆ ಪರಕೆಯನ್ನು ಎದೆಗೆ ಅವುಚಿಕೊಂಡು ನಿಂತಳು. ಆಮೇಲೆ ಹೊಸ್ತಿಲು ದಾಟಿದಳು. ಸಭೆ ಕೂತಿರುವಾಗ ದಾಟಿದಳು. ಸೀದಾ ಮೇಜಿನ ಹತ್ತಿರ ಹೋಗಿ ಪರಕೆಯನ್ನು ಹಸಿರು ಪುಸ್ತಕದ ಮೇಲೆ ಇಟ್ಟಳು. ನಿರ್ದೇಶಕರೆಲ್ಲ ಕುರ್ಚಿಯಿಂದ ಎದ್ದರು. ಬೆಂಕಿ ಬಿದ್ದರೆ ಹೀಗೇ ಏಳಬೇಕೆಂದು ಪುಸ್ತಕದ ಒಂಬತ್ತನೇ ಪುಟದಲ್ಲಿ ಇತ್ತು.

"ಕೆಲ್ಸ ನೀವೇ ಇಟ್ಕಳಿ. ಪರಕೆ ಇಲ್ಲಿ ಅದೆ. ಪಾಯಿಖಾನೆ ಇನ್ನೂ ತೊಳ್ದಿಲ್ಲ, ಪುಟ್ಟರಾಜಪ್ಪ ತೊಳೀಲಿ, ನೀರಲ್ಲಿ ನಿಂತು ಅಭ್ಯಾಸ ಅದೆ. ಇನ್ನೂರೈವತ್ತು ಕಿಲೋಮೀಟ್ರು ಓಗಿ ಮೀನಮ್ಮನ ಮನೇಲಿ ಉಂಡು ಬಂದ್ರಿ. ಇನ್ನೂರ ಅನ್ನೆರಡು ಹೆಜ್ಜೆ ನಮ್ಮನೆ. ಬರಾಕ್ಕಾಗ್ನಿಲ್ಲ. ಬರ್ದೆ ಇದ್ದೋರ್ನ ಬಂದ್ರು ಅಂತ ನಾನು ಸಹಿ ಆಕಲ್ಲ."

"ಮೇಡಂ, ಅವ್ಳು ಓದ್ದೋಳಲ್ಲ, ಏನೋ ಮಾತಾಡ್ತಾಳೆ," ಎಂದ ನಾಗೇಂದ್ರ.

"ಇನ್ನೊಂದದೆ," ಎಂದಳು ದೊಡ್ಡತಾಯಮ್ಮ. ಕುಕ್ಕರಿಸಿದಳು. ಹೆಗಲನ್ನು ಮೇಜಿನ ಕೆಳಗೆ ಕೊಟ್ಟಳು. ಹತ್ತೊಂಬತ್ತು ವರ್ಷ ಭಾರ ಹೊತ್ತ ಹೆಗಲು. ಮೇಜು ಗೇಣುದ್ದ ಮೇಲೆದ್ದಿತು. ಮೋಟು ಕಾಲಿನ ಕೆಳಗಿನಿಂದ ಕಾಗದದ ಕಟ್ಟನ್ನು ಎಳೆದುಕೊಂಡು ಹೆಗಲು ತೆಗೆದಳು.

ಮೇಜು ವಾಲಿತು. ಫ್ಲಾಸ್ಕು ಉರುಳಿತು. ಮುಚ್ಚಳ ಕಳಚಿ ಚಹಾ ಬುಸ್ಸೆಂದು ಹರಿಯಿತು. ಪುಟ್ಟರಾಜುವಿನ ಸಮುದ್ರದ ಫೋಟೋಗಳು ತೇಲುತ್ತ ಬಂದು ಹೊನ್ನಪ್ಪನ ಪಂಚೆಗೆ ಅಂಟಿಕೊಂಡವು. ಚೌಡಯ್ಯ ಪಂಚೆ ಮೇಲೆತ್ತಿಕೊಂಡು ಹೇಳಿದ, "ನಾಗೇಂದ್ರ ಅಂದಿದ್ದು ದಿಟ ಕಣಣ್ಣ. ಸಮುದ್ರ ಬಂದೇ ಬಂತಲ್ಲ."

ದೊಡ್ಡತಾಯಮ್ಮ ಅರ್ಜಿಗಳನ್ನು ಬಿಡಿಸಿ ಅಪರ್ಣರ ಮುಂದೆ ಹಿಡಿದಳು. ಮೇಲಿನ ಫೋಟೋದ ಹಣೆಯಲ್ಲಿ ಮೇಜಿನ ಕಾಲಿನ ಚೌಕಾಕಾರದ ಗುರುತು ಆಳವಾಗಿ ಬಿದ್ದಿತ್ತು. ಅಪರ್ಣ ಫೋಟೋ ನೋಡಿದರು. ಅವಳನ್ನು ನೋಡಿದರು. ಗಡಿಯಾರ ನೋಡಿಕೊಂಡರು.

"ನಂಗೆ ಐದೂವರೆಗೆ ನಾಗಮಂಗಲದಲ್ಲಿ ಇನ್ನೊಂದು ಸಂಘ ಇದೆ. ಏಳಕ್ಕೆ ಸಹಿ ಬೇಕು, ಇಲ್ಲಾಂದ್ರೆ ಫಲಕ ಇಲ್ಲ. ಅಧ್ಯಕ್ಷರು ಒಂದು ಗಂಟೆ ಹೋಗಿ ಕೂತ್ಕೊಂಡು ಬರೋದಕ್ಕೆ ಏನು ತೊಂದರೆ? ಎಷ್ಟು ದೂರ?"

ಹಿತ್ತಿಲ ಕಿಟಕಿಯಿಂದ ಕೇರಿ ಕಾಣುತ್ತಿತ್ತು.

ದೊಡ್ಡತಾಯಮ್ಮ ಹೊರಡುವ ಮುಂಚೆ ಹಿತ್ತಿಲಿಗೆ ಹೋಗಿ ಮೊಳೆಯಿಂದ ನೀಲಿ ಲೋಟ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮೆರವಣಿಗೆ ಹೊರಟಿತು. ಮುಂದೆ ದೊಡ್ಡತಾಯಮ್ಮ, ಕೈ ಬೀಸಿಕೊಂಡು. ಹಿಂದೆ ಹೊನ್ನಪ್ಪ, ಪಂಚೆಯಲ್ಲಿ ಚಹಾದ ಕಲೆ, ಕೈಯಲ್ಲಿ ಸೀಲು ಒಡೆಯದ ನೀರಿನ ಬಾಟಲಿ. ಅವನ ಹಿಂದೆ ಪುಸ್ತಕ ಹಿಡಿದ ನಾಗೇಂದ್ರ. ಊರಿನ ಜಗಲಿಗಳೆಲ್ಲ ತುಂಬಿಕೊಂಡವು. ಮೋರಿಯ ಹತ್ತಿರ ಹೊನ್ನಪ್ಪ ನಿಂತ. ಬಲಗಾಲು ಎತ್ತಿದ, ಇಟ್ಟ. ಎಡಗಾಲು ಎತ್ತಿದ, ಇಟ್ಟ.

"ಯಾವ್ ಕಾಲಾದ್ರೂ ನಡೀತದೆ ಗೌಡ್ರೆ," ಎಂದ ಆಚೆಯಿಂದ ದೇವಯ್ಯ. "ನಮ್ಮಲ್ಲಿ ಸಾಸ್ತ್ರ ಕಮ್ಮಿ."

ಹೊನ್ನಪ್ಪ ದಾಟಿದ. ಏನೂ ಆಗಲಿಲ್ಲ. ಅದೇ ಅವನಿಗೆ ದೊಡ್ಡ ಆಶ್ಚರ್ಯವಾದಂತೆ ತಿರುಗಿ ನೋಡಿದ.

ದೊಡ್ಡತಾಯಮ್ಮನ ಮನೆ ತಗಡಿನ ಸೂರಿನದು. ಏಪ್ರಿಲ್ ತಿಂಗಳ ಮಧ್ಯಾಹ್ನ ಮೂರು ಗಂಟೆ. ಒಳಗೆ ಕೂತವನು ಹೆಂಚಿನ ಮೇಲಿನ ರೊಟ್ಟಿ. ಚಾಪೆ ಹಾಸಿದಳು. ಮಂಗಳಮ್ಮ ಅಂಗನವಾಡಿಯ ಗೋಡೆ ಗಡಿಯಾರ ತಂದು ಅವನ ಎದುರಿಗೆ ಒರಗಿಸಿದಳು. ಅರ್ಜಿ ಕೊಟ್ಟ ಉಳಿದ ಮೂವತ್ತೊಂದು ಹೆಂಗಸರೂ ಬಾಗಿಲಲ್ಲಿ, ಕಿಟಕಿಯಲ್ಲಿ. ಗಾಳಿ ಬರುವ ದಾರಿ ಮುಚ್ಚಿತು.

"ಕಷ್ಟಸುಖ ಕೇಳಿ," ಎಂದಳು ಮಂಗಳಮ್ಮ.

"ಏನ್ ಕಷ್ಟ?" ಎಂದ ಹೊನ್ನಪ್ಪ.

ಶುರುವಾಯಿತು. ಒಬ್ಬಳಾದ ಮೇಲೆ ಒಬ್ಬಳು. ಬಡ್ಡಿಯವನ ಬಾಗಿಲು. ಮೋರಿಯ ಕೊಚ್ಚೆ ಮಳೆಗಾಲದಲ್ಲಿ ಒಲೆಗೆ ಬರುವುದು. ಹೊನ್ನಪ್ಪನದೇ ಆಲೆಮನೆಯಲ್ಲಿ ಕಬ್ಬಿನ ಹೊರೆ ಹೊತ್ತು ಗರ್ಭ ಇಳಿದದ್ದು. ಅದನ್ನು ಹೇಳಿದವಳು ಅಳಲಿಲ್ಲ. ದಿನಾಂಕ ಹೇಳಿದಳು. ನಾಗೇಂದ್ರ ಬರೆದುಕೊಳ್ಳಬೇಕೋ ಬೇಡವೋ ತಿಳಿಯದೆ ಪೆನ್ನಿನ ಮುಚ್ಚಳ ಹಾಕಿದ, ತೆಗೆದ. ಹೊನ್ನಪ್ಪ ಬಾಟಲಿಯ ಸೀಲು ಒಡೆದು ಗಟಗಟ ಕುಡಿದ. ಹತ್ತು ನಿಮಿಷಕ್ಕೆ ಬಾಟಲಿ ಖಾಲಿ. ಗಡಿಯಾರದಲ್ಲಿ ಇನ್ನೂ ಐವತ್ತು ನಿಮಿಷ ಇತ್ತು.

ಅರ್ಧ ಗಂಟೆಗೆ ಅಂಗಿ ಬೆನ್ನಿಗೆ ಅಂಟಿತು. ನಲವತ್ತಕ್ಕೆ ತುಟಿ ಒಣಗಿತು. ಐವತ್ತಕ್ಕೆ ಅವನೇ ಹೇಳಿದ, "ಒಸಿ ನೀರು."

ಬಾಗಿಲಲ್ಲಿದ್ದ ಹೆಂಗಸರು ಇನ್ನಷ್ಟು ಒಳಗೆ ಬಗ್ಗಿದರು.

ದೊಡ್ಡತಾಯಮ್ಮ ಸೊಂಟದಿಂದ ನೀಲಿ ಲೋಟ ತೆಗೆದಳು. ಮಡಕೆಯಿಂದ ತುಂಬಿಸಿದಳು. "ಇದು ನಮ್ಮನೆ ಲೋಟ ಅಲ್ಲ. ಸಂಘದ್ದು. ಅತ್ತೊಂಬತ್ತೊರ್ಸ ನಾನು ಕುಡ್ದಿರೋದು. ಮೇಲಿಂದ ಉಯ್ಯಲಾ, ನಾಗೇಂದ್ರಪ್ಪ ಉಯ್ದಂಗೆ?"

ಹೊನ್ನಪ್ಪ ಲೋಟ ನೋಡಿದ. ಗಡಿಯಾರ ನೋಡಿದ. ಬಾಗಿಲು ತುಂಬಿದ ಮುಖಗಳನ್ನು ನೋಡಿದ. ಲೋಟಕ್ಕೆ ಬಾಯಿ ಕಚ್ಚಿ ಕುಡಿದ. ಪೂರ್ತಿ ಕುಡಿದ. ಇನ್ನೊಂದು ಲೋಟ ಕೇಳಿದ.

ನಾಲ್ಕು ಗಂಟೆಗೆ ದೊಡ್ಡತಾಯಮ್ಮ ಪುಸ್ತಕ ಇಸಿದುಕೊಂಡಳು. ಮೊದಲು ಮೂವತ್ತೆರಡು ಅರ್ಜಿಗೂ ನಾಗೇಂದ್ರನಿಂದ ದಿನಾಂಕ ಹಾಕಿಸಿ ಸ್ವೀಕೃತಿ ಬರೆಸಿದಳು. ಒಂದೊಂದಕ್ಕೂ ಮುದ್ರೆ. ಆಮೇಲೆ ಸಹಿ ಹಾಕಿದಳು, ಅಕ್ಷರ ಅಕ್ಷರ ಕೂಡಿಸಿ, ಪೂರ್ತಿ ಹೆಸರು. ದೊಡ್ಡಿ ಅಲ್ಲ. ದೊಡ್ಡತಾಯಮ್ಮ.

ಹೊನ್ನಪ್ಪ ಏಳಲು ಹೋದ.

"ಕುಂತ್ಕಳಿ. ಕೊನೇ ಕಲಮ್ಮು ಅದೆ." ಅವಳು ನಿಧಾನವಾಗಿ ಬರೆದಳು. ಬರೆಯಲು ಬಹಳ ಹೊತ್ತಾಯಿತು. ನಾಗೇಂದ್ರ ಬಗ್ಗಿ ಓದಿದ. ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದ.

"ಏನ್ ಬರದ್ಲು?" ಎಂದ ಹೊನ್ನಪ್ಪ.

"'ಸ್ಥಳದಲ್ಲಿ ಕಂಡ ಹೊಸ ಅಪಾಯ: ಅಧ್ಯಕ್ಷರು. ಹೊಣೆಗಾರರು: ದೊಡ್ಡತಾಯಮ್ಮ.'"

"ಒಡ್ದಾಕ್ಲಾ ಅದ್ನ."

"ಒಡ್ದಾಕಂಗಿಲ್ಲಣ್ಣ. ಪುಟಕ್ಕೆ ನಂಬರ್ ಬಿದ್ದದೆ. ಮೇಡಂ ಕಾಯ್ತಾವ್ರೆ."

ಅಪರ್ಣ ಕಾರಿನಲ್ಲಿ ಕೂತೇ ಪುಸ್ತಕ ಇಸಿದುಕೊಂಡರು. ಎಂಟನೇ ಅಪಾಯದ ಮೇಲೆ ಕಣ್ಣು ನಿಂತಿತೋ ಇಲ್ಲವೋ. ಎಲ್ಲದಕ್ಕೂ ಟಿಕ್ ಹಾಕಿ ಮುದ್ರೆ ಒತ್ತಿದರು. ಕಾರು ನಾಗಮಂಗಲದ ರಸ್ತೆ ಹಿಡಿಯಿತು.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ದೊಡ್ಡತಾಯಮ್ಮ ತಲೆ ಬಾಚಿ, ತಂಗಿಯ ಅದೇ ಸೀರೆ ಉಟ್ಟು ಹೊರಟಳು. ಹೆಗಲ ಮೇಲೆ ಕ್ಯಾನು ಇರಲಿಲ್ಲ. ಬೆನ್ನು ನೆಟ್ಟಗಿತ್ತು. ಮೋರಿ ದಾಟಿ ಗೌಡರ ಬೀದಿಗೆ ತಿರುಗಿ, ಹೊನ್ನಪ್ಪನ ಮನೆಯ ಮುಂದಿನ ಬಾಗಿಲಲ್ಲಿ ನಿಂತಳು. ಯಾವತ್ತೂ ಹಿಂದಿನ ಬಾಗಿಲಲ್ಲಿ ನಿಲ್ಲುತ್ತಿದ್ದವಳು. ಕಂಕುಳಲ್ಲಿ ಮಂಗಳಮ್ಮನ ಗೋಡೆ ಗಡಿಯಾರ.

ಹೊನ್ನಪ್ಪನ ಹೆಂಡತಿ ಜಯಲಕ್ಷ್ಮಮ್ಮ ಬಾಗಿಲು ತೆರೆದಳು. "ಏನೇ ದೊಡ್ಡಿ, ಮುಂದ್ಲ ಬಾಗ್ಲಿಗೆ ಬಂದಿದ್ದೀಯ?"

"ದೊಡ್ಡತಾಯಮ್ಮ ಕಣವ್ವ. ಅಪಾಯ ನೋಡಕ್ಕೆ ಬಂದಿದ್ದೀನಿ. ತಿಂಗ್ಳಿಗೊಂದ್ಸಲ ಬರ್ಬೇಕು, ಒಳೀಕೆ ಒಂದ್ ಗಂಟೆ ಕೂರ್ಬೇಕು, ಅಂತ ಸಂಘದಲ್ಲಿ ಬರ್ದದೆ."

ಊರಿಗೆಲ್ಲ ಸುದ್ದಿ ಹಬ್ಬಿ ಮೂರು ದಿನವಾಗಿತ್ತು. ಜಯಲಕ್ಷ್ಮಮ್ಮ ಬಾಗಿಲ ಮೇಲಿನ ಕೈ ತೆಗೆಯಲಿಲ್ಲ. ಬೀದಿಯ ಆ ತುದಿ ಈ ತುದಿ ನೋಡಿದಳು. ಮೂವತ್ತೈದು ವರ್ಷ ಒಂದೇ ಅಪಾಯದ ಜೊತೆ ಬಾಳಿದ ಹೆಂಗಸು ಅವಳು. ಯಾರೂ ಬಂದು ಒಂದು ಗಂಟೆ ಕೂತು ಅವಳ ಕಷ್ಟಸುಖ ಕೇಳಿರಲಿಲ್ಲ.

"ಒಳೀಕೇ ಅದೆ," ಎಂದಳು ದನಿ ತಗ್ಗಿಸಿ. "ರೊಟ್ಟಿ ತಿಂತಾ ಅದೆ."

ಕೈ ಇನ್ನೂ ಬಾಗಿಲ ಮೇಲೇ ಇತ್ತು. ದೊಡ್ಡತಾಯಮ್ಮ ಆ ಕೈಯ ಕೆಳಗೆ ತಲೆ ಬಗ್ಗಿಸಲಿಲ್ಲ. ಕಾದಳು. ಕೈ ತಾನಾಗಿ ಸರಿಯಿತು. ಹೊಸ್ತಿಲು ದಾಟಿ, ನಡುಮನೆಗೆ ಹೋಗಿ, ಹೊನ್ನಪ್ಪನ ಎದುರಿನ ಕುರ್ಚಿ ಎಳೆದುಕೊಂಡು ಕೂತಳು. ರೊಟ್ಟಿಯ ತುಂಡು ಅವನ ಬಾಯಿಯ ಹತ್ತಿರ ನಿಂತಿತು.

ಅವಳು ಗಡಿಯಾರವನ್ನು ಇಬ್ಬರ ನಡುವೆ ಇಟ್ಟಳು.

"ತಿನ್ನಿ ಹೊನ್ನಪ್ಪೋರೆ, ತಿನ್ನಿ. ನಂಗೇನು ಅರ್ಜೆಂಟಿಲ್ಲ. ಜಯಲಕ್ಷ್ಮವ್ವ, ಒಸಿ ನೀರು ಕೊಡಿ. ನಿಮ್ಮನೆ ಲೋಟದಲ್ಲೇ."